ಕಣ್ಣೊಳಗಿನ ಉರಿಗೆ ಪುಟ್ಟ ಬ್ರೇಕು

ಮನೆಯ ಹಿರಿಯರು ‘ಅಕ್ಷರ ಸೊಟ್ಟಸೊಟ್ಟಗೆ ಕಾಣತ್ತೆ’ ಅಂದ್ರೆ ಕನ್ನಡಕದ ನಂಬರ್ ಬದಲಾಗಿರಬೇಕು ಅಂದ್ಕೊಳ್ತೀವಿ. ಆದರೆ ತೊಂದರೆ ಕಣ್ಣಿನ ಹಿಂಭಾಗದ ಪರದೆ, ಅಂದ್ರೆ ರೆಟಿನಾದಲ್ಲೂ ಇರಬಹುದು. ವಯಸ್ಸಾದಂತೆ ಅದರ ನಡುಭಾಗ ಹಾಳಾಗುವ ಕಾಯಿಲೆಯೇ ಎಎಂಡಿ.

ರೆಟಿನಾದಲ್ಲಿ ಮೈಕ್ರೋಗ್ಲಿಯಾ ಎಂಬ ಕಾವಲು ಕೋಶಗಳಿವೆ. ಸತ್ತ ಕೋಶಗಳ ಕಸ ಗುಡಿಸೋದು ಅವುಗಳ ಕೆಲಸ. ಅತಿಯಾಗಿ ಕೆರಳಿದರೆ ಮಾತ್ರ ಉರಿಯೂತ ಹೆಚ್ಚಿ, ಪಕ್ಕದ ಒಳ್ಳೆಯ ಕೋಶಗಳಿಗೂ ಪೆಟ್ಟು. ಬೆಳಕು ಗ್ರಹಿಸುವ ಕೋಶ ಒಮ್ಮೆ ಸತ್ತರೆ ನಮ್ಮಲ್ಲಿ ಮತ್ತೆ ಹುಟ್ಟಲ್ಲ.

ಈ ಕೆರಳಿಕೆಯನ್ನು ಹತೋಟಿಯಲ್ಲಿಡೋದರಲ್ಲಿ ಮೈಕ್ರೋಆರ್‌ಎನ್‌ಎಗಳ ಪಾತ್ರ ದೊಡ್ಡದು. ಉದ್ದ ಸುಮಾರು 22 ಅಕ್ಷರ, ಅಷ್ಟೇ. ಪ್ರೋಟೀನ್ ತಯಾರಿಸುವ ಸಂದೇಶಕ್ಕೆ ಅಂಟಿಕೊಂಡು ತಯಾರಿಕೆ ತಗ್ಗಿಸುತ್ತವೆ. 1993ರಲ್ಲಿ ಪುಟ್ಟ ಹುಳುವೊಂದರಲ್ಲಿ ಇವನ್ನು ಕಂಡುಹಿಡಿದ ವಿಕ್ಟರ್ ಆಂಬ್ರೋಸ್, ಗ್ಯಾರಿ ರವ್‌ಕನ್ ಅವರಿಗೆ 2024ರ ನೊಬೆಲ್ ಸಿಕ್ಕಿತು.

ಮಿರ್-146ಎ ಉರಿಯೂತದ ಸಂಕೇತ ಸಾಗಿಸುವ ಪ್ರೋಟೀನುಗಳನ್ನೇ ಇಳಿಸುತ್ತೆ; ಅದು ಬ್ರೇಕು. ಮಿರ್-155 ಆ ಸಂಕೇತವನ್ನು ತಡೆಯುವ ಪ್ರೋಟೀನುಗಳನ್ನು ಇಳಿಸುತ್ತೆ, ಅದು ಆಕ್ಸಿಲರೇಟರು. ಹಾಗಾದರೆ 155 ಅನ್ನು ಆಫ್ ಮಾಡಿದರೆ ಆಯ್ತಲ್ಲ? ಅಷ್ಟು ಸುಲಭ ಅಲ್ಲ. ಒಂದೊಂದು ಮೈಕ್ರೋಆರ್‌ಎನ್‌ಎ ಹತ್ತಾರು, ನೂರಾರು ಜೀನುಗಳನ್ನು ಮುಟ್ಟುತ್ತೆ. ಎಲ್ಲೆಡೆ ಬಳಕೆಯಲ್ಲಿರುವ ಫಂಕ್ಷನ್ ಒಂದನ್ನು ತಿದ್ದಿದ ಹಾಗೆ, ಇನ್ನೆಲ್ಲೋ ಏನೋ ಕೆಡಬಹುದು.

ಆ ಔಷಧಿ ಲ್ಯಾಬ್‌ನಿಂದ ಬರೋವರೆಗೆ ಕಾಯಬೇಡಿ. ಅಪ್ಪ-ಅಮ್ಮನಿಗೆ ಒಂದೊಂದೇ ಕಣ್ಣು ಮುಚ್ಚಿ ಕಿಟಕಿಯ ಸರಳು ನೋಡೋಕೆ ಹೇಳಿ. ನೇರ ಸರಳು ಡೊಂಕಾಗಿ ಕಂಡರೆ ತಡ ಮಾಡದೆ ರೆಟಿನಾ ಡಾಕ್ಟರ ಹತ್ತಿರ ಕರೆದೊಯ್ಯಿರಿ. ರಕ್ತನಾಳ ಸೋರುವ ಬಗೆಯ ಎಎಂಡಿಗೆ ಇಂಜೆಕ್ಷನ್ ಇದೆ, ಬೇಗ ಹೋದಷ್ಟೂ ಉಳಿಯುವ ದೃಷ್ಟಿ ಹೆಚ್ಚು. ಸಿಗರೇಟು ಸೇದುವವರಿದ್ದರೆ, ಬಿಡೋಕೆ ಇದೂ ಒಂದು ಕಾರಣ.