ನೋಡುವವರಿಲ್ಲದ ಆಟ

ನಮ್ಮ ಭಾಗದ ಹೈಸ್ಕೂಲೊಂದರ ವಾರ್ಷಿಕೋತ್ಸವದಲ್ಲಿ ಅಧ್ಯಕ್ಷತೆ ವಹಿಸಿದ್ದ ಮಹನೀಯರೊಬ್ಬರು ಬಹುಮಾನಗಳನ್ನು ಹಂಚಿ ಮುಗಿಸಿದ ಮೇಲೆ ಒಂದು ಮಾತು ಹೇಳಿದರು. ಆಟವೆಂಬುದು ಆಡುವವನಿಗೆ ಆರೋಗ್ಯ, ನೋಡುವವನಿಗೆ ಕಾಲಹರಣ. ಆದ್ದರಿಂದ ಶಾಲೆಯ ಆಟಕ್ಕೆ ಪ್ರೇಕ್ಷಕರು ಬೇಕಾಗಿಲ್ಲ, ಹುಡುಗರು ಬೆವರಿದರೆ ಸಾಕು ಎಂಬುದು ಅವರ ಮಾತಿನ ತಾತ್ಪರ್ಯ. ಸಭೆ ಚಪ್ಪಾಳೆ ತಟ್ಟಿತು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ನಾನು ತಟ್ಟಲಿಲ್ಲ. ಇಪ್ಪತ್ತು ವರ್ಷಗಳಿಂದ ಬೆಂಗಳೂರಿನ ಹೈಸ್ಕೂಲು ಹುಡುಗರ ಫುಟ್‌ಬಾಲ್ ಪಂದ್ಯಗಳನ್ನು ಬೇಲಿಯ ಪಕ್ಕ ನಿಂತು ನೋಡುತ್ತ ಬಂದಿರುವ ನಾನು ಅವರ ಲೆಕ್ಕದಲ್ಲಿ ನುರಿತ ಸೋಮಾರಿ. ಸೋಮಾರಿಯ ಪರವಾಗಿ ವಕಾಲತ್ತು ವಹಿಸಲು ಸೋಮಾರಿಗಿಂತ ತಕ್ಕವರು ಯಾರು?

ಮೊದಲು ನನ್ನ ಅಪರಾಧದ ವಿವರವನ್ನು ಒಪ್ಪಿಸಿಬಿಡುತ್ತೇನೆ. ನಾನು ಕನ್ನಡ ಮೇಷ್ಟರು. ಚೆಂಡಿಗೂ ನನಗೂ ಹುಟ್ಟಿನಿಂದ ಬಂದ ನಂಟೇನೂ ಇಲ್ಲ. ನಾನು ಓದಿದ ಹೈಸ್ಕೂಲಿನಲ್ಲಿ ಹನ್ನೊಂದು ಜನ ಸೇರದೆ ಹೋದ ದಿನ ಮಾತ್ರ ನನ್ನನ್ನು ಕರೆದು, ಚೆಂಡು ಬಾರದ ಮೂಲೆ ನೋಡಿ ನಿಲ್ಲಿಸುತ್ತಿದ್ದರು. ನನ್ನ ಮಗನಿಗೆ ಚದುರಂಗದ ಹುಚ್ಚು. ಅವನು ಮೈದಾನಕ್ಕೆ ಇಳಿಯುವವನಲ್ಲ. ಹೀಗಿದ್ದೂ ಜುಲೈ ಕಳೆದು ವಲಯ ಮಟ್ಟದ ಪಂದ್ಯಗಳು ಆರಂಭವಾದವೆಂದರೆ ನನ್ನ ಕಾಲು ಮನೆಯಲ್ಲಿ ನಿಲ್ಲುವುದಿಲ್ಲ. ಮೊದಮೊದಲು ಪಿ.ಟಿ. ಮೇಷ್ಟ್ರುಗಳು ನನ್ನನ್ನು ಸಂಶಯದಿಂದ ನೋಡುತ್ತಿದ್ದರು. 'ಯಾವ ಹುಡುಗನ ಕಡೆಯವರು ಸಾರ್?' ಎಂದು ಒಬ್ಬರು ಕೇಳಿದರು. ಯಾರ ಕಡೆಯವನೂ ಅಲ್ಲ, ಸುಮ್ಮನೆ ನೋಡಲು ಬಂದೆ ಎಂದೆ. ಅವರಿಗೆ ನಂಬಿಕೆ ಬರಲಿಲ್ಲ. ಬೇರೆ ಶಾಲೆಯವರು ಒಳ್ಳೆಯ ಆಟಗಾರನನ್ನು ಎಳೆದುಕೊಂಡು ಹೋಗಲು ಕಳಿಸಿದ ಮನುಷ್ಯನೆಂದು ಬಗೆದು, ತಮ್ಮ ಎಡಗಾಲಿನ ಮುನ್ಪಡೆ ಹುಡುಗನನ್ನು ನನ್ನಿಂದ ದೂರವೇ ಕೂರಿಸಿದರು. ನಮ್ಮ ಊರಿನಲ್ಲಿ ಶಾಲೆಯ ಆಟವನ್ನು ಸುಮ್ಮನೆ ನೋಡಲು ಬರುವ ಮನುಷ್ಯ ಅಷ್ಟು ಅಪರೂಪದ ಪ್ರಾಣಿ!

ಒಂದು ಸಲ ನಾನು ತಲೆ ಎಣಿಸಿದೆ. ಮಂಗಳವಾರ ಬೆಳಗ್ಗೆ ಹನ್ನೊಂದು ಗಂಟೆಯ ಬಿಸಿಲು. ಮೈದಾನದೊಳಗೆ ಇಪ್ಪತ್ತೆರಡು ಹುಡುಗರು, ಒಬ್ಬ ರೆಫರಿ. ಹೊರಗೆ ಇಬ್ಬರು ಮೇಷ್ಟ್ರು, ನೀರಿನ ಕ್ಯಾನು ಕಾಯುತ್ತಿದ್ದ ಒಬ್ಬ ಬಾಲಕ, ಬದಲಿ ಆಟಗಾರರು ಐದು ಮಂದಿ, ಗೇಟಿನ ಬಳಿ ಎಳನೀರಿನವನು, ಮತ್ತೆ ನಾನು. ಆ ಪಂದ್ಯದಲ್ಲಿ ಒಂಬತ್ತನೆಯ ತರಗತಿಯ ಒಬ್ಬ ಹುಡುಗ ಮೂವರನ್ನು ದಾಟಿಸಿಕೊಂಡು ಬಂದು, ಗೋಲಿಗೆ ಹೊಡೆಯಬಹುದಾಗಿದ್ದ ಚೆಂಡನ್ನು ಹೊಡೆಯದೆ ಪಕ್ಕಕ್ಕೆ ಸರಿಸಿ, ತನಗಿಂತ ಒಳ್ಳೆಯ ಸ್ಥಳದಲ್ಲಿದ್ದ ಗೆಳೆಯನಿಗೆ ಕೊಟ್ಟ. ಗೋಲಾಯಿತು. ಕೊಟ್ಟವನು ಸುತ್ತ ತಿರುಗಿ ನೋಡಿದ. ಆ ನೋಟವನ್ನು ನಾನು ಮರೆತಿಲ್ಲ. ಚಪ್ಪಾಳೆ ತಟ್ಟಿದವರು ಇಬ್ಬರು: ನಾನು ಮತ್ತು ಎಳನೀರಿನವನು. ಮರುದಿನ ಪತ್ರಿಕೆಯಲ್ಲಿ ಆ ಪಂದ್ಯದ ಸುಳಿವೇ ಇರಲಿಲ್ಲ.

ಅಧ್ಯಕ್ಷರ ಮಾತಿಗೆ ನನ್ನ ಮೊದಲ ಉತ್ತರ ಇದು. ಆರೋಗ್ಯಕ್ಕಾಗಿ ಆಡುವುದಾದರೆ ಕವಾಯತು ಸಾಕು. ಗೋಲು, ಗೆರೆ, ಸೀಟಿ, ಎದುರಾಳಿ ಯಾವುದೂ ಬೇಡ. ಇವೆಲ್ಲ ಇರುವ ಕಡೆ ನೋಡುವವನ ಕಣ್ಣೂ ಆಟದ ಒಂದು ಅಂಗವೇ. ಕೇಳುವವರಿಲ್ಲದೆ ಗಮಕಿ ಭಾರತ ಓದಬಹುದು, ಗಂಟಲಿಗೆ ಒಳ್ಳೆಯ ಸಾಧಕವೂ ಆಗುತ್ತದೆ. ಅದನ್ನು ಗಮಕವೆಂದು ಯಾರಾದರೂ ಕರೆಯುತ್ತಾರೆಯೆ? ನಮ್ಮ ಆಲಂಕಾರಿಕರು ಕವಿಯ ಎದುರಿಗೆ ಸಹೃದಯನನ್ನು ಕೂರಿಸಿದ್ದು ಅವನ ಮೇಲಿನ ಮರುಕದಿಂದಲ್ಲ. ಆ ಹುಡುಗ ಚೆಂಡನ್ನು ಬಿಟ್ಟುಕೊಟ್ಟದ್ದರಲ್ಲಿ ಇದ್ದ ಸೊಗಸು ಗೋಲಿನ ಲೆಕ್ಕದಲ್ಲಿ ಸೇರುವುದಿಲ್ಲ. ಕಂಡವರ ಮನಸ್ಸಿನಲ್ಲಿ ಉಳಿದರೆ ಉಂಟು, ಇಲ್ಲವಾದರೆ ಇಲ್ಲ.

'ಫುಟ್‌ಬಾಲು ನಮ್ಮದಲ್ಲ ಕಣ್ರೀ, ಅದು ದಂಡಿನವರ ಆಟ' ಎನ್ನುವ ಸ್ನೇಹಿತರು ನನ್ನ ಸ್ಟಾಫ್ ರೂಮಿನಲ್ಲೇ ಇದ್ದಾರೆ. ದಂಡಿನದೆಂಬುದು ನಿಜ. 1809ರಲ್ಲಿ ಬ್ರಿಟಿಷರು ದಂಡನ್ನು ಕಟ್ಟಿದರು, ಅವರ ಸಿಪಾಯಿಗಳ ಹಿಂದೆ ಚೆಂಡೂ ಬಂತು. ಆದರೆ 1949ರಲ್ಲಿ ದಂಡು ಮತ್ತು ಪೇಟೆ ಒಂದೇ ನಗರಾಡಳಿತದ ಕೆಳಗೆ ಸೇರಿದವು. ನಮ್ಮ ಬಸವನಗುಡಿ ಮಲ್ಲೇಶ್ವರಗಳ ಮನಸ್ಸು ಮಾತ್ರ ಇನ್ನೂ ಸೇರಿದಂತಿಲ್ಲ. ಆಸ್ಟಿನ್ ಟೌನಿನಲ್ಲಿ, ಹಲಸೂರಿನ ಗೌತಮಪುರದಲ್ಲಿ ಹುಟ್ಟಿದ ಮಗುವಿಗೆ ಚೆಂಡು ಪರಕೀಯವಲ್ಲ. ಗೌತಮಪುರದ ಬೀದಿಯಲ್ಲಿ ಬುದ್ಧನ, ಅಂಬೇಡ್ಕರರ ಪ್ರತಿಮೆಗಳ ನೆರೆಯಲ್ಲೇ ಪೆಲೆಯ ಪ್ರತಿಮೆಯೂ ನಿಂತಿದೆ. ಅಲ್ಲಿನ ಹುಡುಗರ ಕನ್ನಡದಲ್ಲಿ ತಮಿಳು ಉರ್ದು ಎರಡೂ ಕಲೆತಿರುತ್ತವೆ. 'ಬಾಲ್ ಬಿಡ್ರಾ ಮಚ್ಚಾ, ಖಾಲಿ ಇದೀನಿ' ಎಂದು ರೆಕ್ಕೆಯ ಕಡೆಯಿಂದ ಒಬ್ಬ ಕೂಗಿದರೆ, ವ್ಯಾಕರಣ ಪಾಠ ಮಾಡುವ ನನ್ನ ಕಿವಿಗೆ ಯಾವ ದೋಷವೂ ಕೇಳುವುದಿಲ್ಲ. ಆ ಆಟ ನಮ್ಮದಲ್ಲ ಎಂದರೆ ಆ ಹುಡುಗರು ನಮ್ಮವರಲ್ಲ ಎಂದಂತೆಯೇ ಆಗುವುದಿಲ್ಲವೆ? ಸ್ನೇಹಿತರು ಹಾಗೆ ಹೇಳಲಾರರು; ಆದರೆ ಹೇಳಿಬಿಟ್ಟಿದ್ದಾರೆ.

ಹಾಗೂ ಹಳೆಯ ಮಾತು ಬೇಕೆನ್ನುವವರಿಗೆ ಕೊಂಚ ಹಳೆಯ ಮಾತು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯಲ್ಲಿ ರೋವರ್ಸ್ ಕಪ್ಪನ್ನು ಗೆದ್ದಿತು. ಅದುವರೆಗೆ ಬಿಳಿಯ ಪಲ್ಟನುಗಳ ಸೊತ್ತಾಗಿದ್ದ ಆ ಕಪ್ಪನ್ನು ಮೊದಲು ಎತ್ತಿದ ಭಾರತೀಯ ತಂಡ ನಮ್ಮೂರಿನದು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿ ಫ್ರಾನ್ಸಿನ ಎದುರು 2–1ರಿಂದ ಸೋತರು. ಆ ಒಂದು ಗೋಲು, ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಫುಟ್‌ಬಾಲ್ ಗೋಲು, ಬೆಂಗಳೂರಿನ ಸಾರಂಗಪಾಣಿ ರಾಮನ್ ಹೊಡೆದದ್ದು. ಅದೇ ತಂಡದ ಅಹ್ಮದ್ ಖಾನ್ ಕೂಡ ಬೆಂಗಳೂರಿನವರು. ಕಲ್ಕತ್ತೆಯ ಈಸ್ಟ್ ಬೆಂಗಾಲಿಗೆ ಹೋಗಿ ಅಲ್ಲಿನ ಜನ 'ಪಂಚಪಾಂಡವರು' ಎಂದು ಕೊಂಡಾಡಿದ ಐವರು ಮುನ್ಪಡೆ ಆಟಗಾರರಲ್ಲಿ ಒಬ್ಬರಾದರು. ನಮ್ಮವನನ್ನು ಪಾಂಡವನೆಂದು ಕರೆಯಲು ಬಂಗಾಳಿಗಳು ಬೇಕಾಯಿತು! ಸಂತೋಷ್ ಟ್ರೋಫಿಯನ್ನು ಮೈಸೂರು ತಂಡ 1946–47, 1952–53, 1967–68, 1968–69ರಲ್ಲಿ ಗೆದ್ದಿತು. ಅಲ್ಲಿಂದ ಮುಂದೆ ಐವತ್ತನಾಲ್ಕು ವರ್ಷ ಏನೂ ಇಲ್ಲ. 2023ರ ಮಾರ್ಚಿನಲ್ಲಿ, ದೂರದ ರಿಯಾದಿನಲ್ಲಿ, ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ ಮತ್ತೆ ಗೆದ್ದಿತು.

ಪ್ರೇಕ್ಷಕರು ಬೇಲಿಯಿಂದ ಎದ್ದು ಹೋದದ್ದರಿಂದಲೇ ಈ ಐವತ್ತನಾಲ್ಕು ವರ್ಷದ ಬರ ಬಂತೆಂದು ಹೇಳುವಷ್ಟು ಮೂಢ ನಾನಲ್ಲ. ಕಾರ್ಖಾನೆಗಳ ತಂಡಗಳು ಕಳೆಗುಂದಿದವು, ಕ್ರಿಕೆಟ್ಟು ಎಲ್ಲವನ್ನೂ ನುಂಗಿತು, ಮೈದಾನಗಳು ಸೈಟುಗಳಾದವು. ಆದರೆ ಈ ಕೊನೆಯದು ಸುಮ್ಮನೆ ಆದದ್ದಲ್ಲ. ಅದು ಹೇಗಾಗುತ್ತದೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕೆಲವು ವರ್ಷಗಳ ಹಿಂದೆ ನಾನು ಹೋಗುತ್ತಿದ್ದ ಶಾಲೆಯೊಂದರ ಮೈದಾನದಲ್ಲಿ ಅರ್ಧವನ್ನು ಹೊಸ ಕಟ್ಟಡಕ್ಕೂ ವಾಹನ ನಿಲ್ಲಿಸುವುದಕ್ಕೂ ತೆಗೆದುಕೊಳ್ಳುವ ಯೋಚನೆ ಬಂತು. ಬಡಾವಣೆಯ ನಿವಾಸಿಗಳನ್ನೂ ಕರೆದು ಸಭೆ ನಡೆಸಿದರು, ನಾನೂ ಹೋದೆ. ಆಕ್ಷೇಪಣೆ ಇದೆಯೆ ಎಂದು ಕೇಳಿದಾಗ ಎದ್ದು ನಿಂತವನು ನಾನೊಬ್ಬನೆ. ವೇದಿಕೆಯ ಮೇಲಿದ್ದವರು ಸಿಟ್ಟಾಗಲಿಲ್ಲ. ಅವರಿಗೆ ನಿಜವಾದ ಆಶ್ಚರ್ಯ. 'ಅಲ್ಲಿ ಯಾರು ಆಡ್ತಾರೆ ಸಾರ್?' ಎಂದರು. ಆ ವರ್ಷ ಅಲ್ಲಿ ನಾನು ನೋಡಿದ್ದ ಹದಿನಾಲ್ಕು ಪಂದ್ಯಗಳ ಪಟ್ಟಿಯನ್ನು ಬಾಯಲ್ಲೇ ಒಪ್ಪಿಸಿದೆ. ಮೈದಾನದ ಎದುರು ಮನೆಯವರು, ಮೂವತ್ತು ವರ್ಷದಿಂದ ಅಲ್ಲೇ ಇರುವವರು, ನನ್ನ ಕಡೆ ತಿರುಗಿ 'ಹೌದೇನ್ರೀ?' ಎಂದರು. ಅವರು ದುಷ್ಟರಲ್ಲ. ಅವರ ಕಣ್ಣೆದುರೇ ನಡೆದ ಆಟ ಅವರಿಗೆ ಕಂಡಿರಲಿಲ್ಲ, ಅಷ್ಟೆ. ಕಾಣದ್ದನ್ನು ಕಳೆದುಕೊಂಡರೆ ಯಾರಿಗೆ ನೋವು? ಯೋಚನೆ ಜಾರಿಯಾಯಿತು. ಈಗ ಅಲ್ಲಿ ಹನ್ನೊಂದು ಜನರ ಆಟ ಸಾಧ್ಯವಿಲ್ಲ. ಏಳೇಳು ಮಂದಿ ಆಡುತ್ತಾರೆ. ಚೆಂಡು ಕಾರುಗಳ ಕೆಳಗೆ ಉರುಳಿದಾಗ ಒಬ್ಬ ಚಿಕ್ಕ ಹುಡುಗ ಮಲಗಿಕೊಂಡು ಕೋಲಿನಿಂದ ತೆಗೆಯುತ್ತಾನೆ. ಅಂದು ಆ ಸಭೆಯಲ್ಲಿ ನನ್ನಂಥ ಸೋಮಾರಿಗಳು ಇನ್ನೂ ಇಪ್ಪತ್ತು ಮಂದಿ ಇದ್ದಿದ್ದರೆ ಆ ಕೋಲು ಬೇಕಾಗುತ್ತಿರಲಿಲ್ಲವೆಂದು ನನ್ನ ದೃಢವಾದ ನಂಬಿಕೆ.

ನೋಡುವ ಅಭ್ಯಾಸವೇ ನಮಗಿಲ್ಲವೆನ್ನೋಣವೆ? ಅದೂ ಅಲ್ಲ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್.ಸಿ.ಗಾಗಿ ಕಂಠೀರವದಲ್ಲಿ ಗಂಟಲು ಹರಿದುಕೊಳ್ಳುವ ತರುಣರನ್ನು ನೋಡಿದ್ದೇನೆ, ಸಂತೋಷಪಟ್ಟಿದ್ದೇನೆ. ನಡುರಾತ್ರಿ ಕಳೆದ ಮೇಲೆ ಎದ್ದು ಕುಳಿತು ಯೂರೋಪಿನ ಪಂದ್ಯ ನೋಡುವ ವಿದ್ಯಾರ್ಥಿಗಳು ನನ್ನ ತರಗತಿಯಲ್ಲೇ ಬೆಳಗ್ಗೆ ತೂಕಡಿಸುತ್ತಾರೆ. ಲಿವರ್‌ಪೂಲಿನ ಬದಲಿ ಆಟಗಾರನ ಮೊಣಕಾಲು ಯಾವ ಸ್ಥಿತಿಯಲ್ಲಿದೆಯೆಂದು ಅವರಿಗೆ ಗೊತ್ತು. ಎದುರು ರಸ್ತೆಯ ಶಾಲೆಯ ಗೋಲ್‌ಕೀಪರಿನ ಹೆಸರು ಗೊತ್ತಿಲ್ಲ. ಟಿ.ವಿ. ನೋಡಬೇಡಿ ಎಂದು ಉಪದೇಶಿಸುವ ಅಧಿಕಾರ ನನಗಿಲ್ಲ, ನಾನೂ ನೋಡುವವನೇ. ಆದರೆ ಲಿವರ್‌ಪೂಲಿಗೆ ನಾವು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಹೈಸ್ಕೂಲು ಹುಡುಗರ ಆಟವನ್ನು ಯಾರು ನೋಡುತ್ತಾರೆ ಎನ್ನುವವರು ಜಪಾನಿನ ಕಡೆ ನೋಡಲಿ. ಅಲ್ಲಿ ಹೊಸ ವರ್ಷದ ರಜೆಯಲ್ಲಿ ಹೈಸ್ಕೂಲುಗಳ ರಾಷ್ಟ್ರೀಯ ಫುಟ್‌ಬಾಲ್ ಪಂದ್ಯಾವಳಿ ನಡೆಯುತ್ತದೆ. ನಲವತ್ತೇಳು ಪ್ರಾಂತ್ಯಗಳಿಗೆ ಒಂದೊಂದು ತಂಡ, ಟೋಕಿಯೋಗೆ ಮಾತ್ರ ಎರಡು, ಒಟ್ಟು 48. 2025ರ ಜನವರಿಯ ಕೊನೆಯ ಪಂದ್ಯಕ್ಕೆ ಟೋಕಿಯೋದ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ಐವತ್ತು ಸಾವಿರಕ್ಕೂ ಮಿಕ್ಕಿ ಜನ ಸೇರಿದ್ದರು. ನಮ್ಮಲ್ಲಿಯೂ ಅಂಥದೊಂದು ಇಲ್ಲದಿಲ್ಲ: ವಾಯುಪಡೆಯ ಮುಖ್ಯಸ್ಥರಾಗಿದ್ದ ಸುಬ್ರತೋ ಮುಖರ್ಜಿಯವರ ಹೆಸರಿನಲ್ಲಿ 1960ರಿಂದ ನಡೆಯುತ್ತಿರುವ ಶಾಲೆಗಳ ಕಪ್ಪು. ಅದರ ಕಿರಿಯರ ಪಂದ್ಯಗಳು ಈಚಿನ ವರ್ಷಗಳಲ್ಲಿ ಬೆಂಗಳೂರಿಗೇ ಬಂದಿವೆ. ಈ ಲೇಖನವನ್ನು ಓದುತ್ತಿರುವ ಮಹಾಶಯರಲ್ಲಿ ಎಷ್ಟು ಮಂದಿ ಹೋಗಿದ್ದಿರಿ, ಕೈ ಎತ್ತಿ.

'ಹಾಗಾದರೆ ಅಮೆರಿಕದ ಹುಚ್ಚು ಇಲ್ಲಿಗೂ ಬರಲೆನ್ನುತ್ತೀರಾ?' ಎಂಬ ಪ್ರಶ್ನೆ ಬರುತ್ತದೆ. ಇದು ತೂಕವುಳ್ಳ ಪ್ರಶ್ನೆ. ಟೆಕ್ಸಸ್ಸಿನಲ್ಲಿ ಅವರು ಫುಟ್‌ಬಾಲೆಂದು ಕರೆಯುವ, ಕೈಯಲ್ಲಿ ಚೆಂಡು ಹಿಡಿದು ಓಡುವ ಆ ಆಟಕ್ಕಾಗಿ ಅಲೆನ್ ಎಂಬ ಊರಿನವರು ಒಂದೇ ಒಂದು ಹೈಸ್ಕೂಲಿಗೆ 2012ರಲ್ಲಿ ಸುಮಾರು ಆರು ಕೋಟಿ ಡಾಲರು ಸುರಿದು ಹದಿನೆಂಟು ಸಾವಿರ ಜನ ಕೂರುವ ಕ್ರೀಡಾಂಗಣ ಕಟ್ಟಿದರು. ಎರಡು ವರ್ಷದಲ್ಲಿ ಕಾಂಕ್ರೀಟು ಬಿರುಕು ಬಿಟ್ಟು ಅದನ್ನು ಮುಚ್ಚಿ ದುರಸ್ತಿ ಮಾಡಬೇಕಾಯಿತು. ಹದಿನಾರು ವರ್ಷದ ಹುಡುಗನ ಹೆಗಲ ಮೇಲೆ ಇಡೀ ಊರು ಹತ್ತಿ ಕೂರುವುದು ಪ್ರೀತಿಯಲ್ಲ. ನಮ್ಮಲ್ಲಿಯೂ ಆ ವಿಷದ ಬೀಜ ಇದೆ. ಕಪ್ಪಿನ ಆಸೆಗೆ ಹುಡುಗನ ಹುಟ್ಟಿದ ದಿನವನ್ನೇ ತಿದ್ದುತ್ತಾರೆ. ಅದಕ್ಕಾಗಿಯೇ ಮಣಿಕಟ್ಟಿನ ಎಕ್ಸ್‌ರೇ ತೆಗೆದು ವಯಸ್ಸು ಅಳೆಯುವ ಕಾಲ ಬಂದಿದೆ. ಪೆನಾಲ್ಟಿ ತಪ್ಪಿಸಿದ ಹುಡುಗನನ್ನು ಅವನ ಸೋದರಮಾವನೇ ಎಲ್ಲರೆದುರು ಬಾಯಿಗೆ ಬಂದಂತೆ ಬೈದದ್ದನ್ನು ಕೇಳಿದ್ದೇನೆ. ಹುಡುಗಿಯರ ಪಂದ್ಯವೊಂದಕ್ಕೆ ಬೇಲಿಯ ಹೊರಗೆ ಗುಂಪು ಸೇರಿತ್ತು. ಆ ಗುಂಪು ಆಟ ನೋಡಲು ಬಂದದ್ದಾಗಿರಲಿಲ್ಲ. ಅಂಥ ಪ್ರೇಕ್ಷಕರು ಇಲ್ಲದಿದ್ದರೇ ವಾಸಿ.

ಆದರೆ ಗಮನಿಸಿ, ಆ ಸೋದರಮಾವ ಸಂಬಂಧವುಳ್ಳವನು. ತಂದೆ ತನ್ನ ಮಗನನ್ನು ನೋಡುತ್ತಾನೆ, ಮೇಷ್ಟ್ರು ತಮ್ಮ ಶಾಲೆಯ ಕಪ್ಪನ್ನು ನೋಡುತ್ತಾರೆ. ಎದುರು ಪಕ್ಷದ ಹುಡುಗನೊಬ್ಬ ಚೆನ್ನಾಗಿ ಆಡಿದರೆ ಸೈ ಎನ್ನಲು ಯಾರ ಕಡೆಯವನೂ ಅಲ್ಲದ ಒಬ್ಬ ಬೇಕು. ಅವನು ಇಪ್ಪತ್ತು ಮಂದಿಯಾದರೆ ಮಾವನ ಬಾಯಿ ತಾನಾಗಿ ಮುಚ್ಚುತ್ತದೆ. ಹುಡುಗಿಯರ ಬೇಲಿಯ ಹೊರಗಿನವರೂ ಜಾಗ ಖಾಲಿ ಮಾಡುತ್ತಾರೆ. ಪ್ರತಿ ವರ್ಷ ನೋಡುವ ಕಣ್ಣಿಗೆ, ಹೋದ ವರ್ಷ ಹದಿನಾರಾಗಿದ್ದವನು ಈ ವರ್ಷವೂ ಹದಿನಾರೆಂದರೆ ಎಕ್ಸ್‌ರೇ ಇಲ್ಲದೆಯೇ ಗೊತ್ತಾಗುತ್ತದೆ.

ಇಷ್ಟಕ್ಕೂ ಹೋಗಬೇಕೆಂದರೆ ಹೋಗುವುದು ಹೇಗೆ? ಪಂದ್ಯಗಳನ್ನು ಇಡುವುದು ಕೆಲಸದ ದಿನ, ಕಚೇರಿಯ ಹೊತ್ತಿಗೆ. ಯಾವ ಮೈದಾನ, ಎಷ್ಟು ಗಂಟೆ ಎಂಬುದು ಹಿಂದಿನ ಸಂಜೆ ಮೇಷ್ಟ್ರುಗಳ ಫೋನಿಗೆ ಮಾತ್ರ ಬರುತ್ತದೆ. ಒಂದೇ ದಿನದಲ್ಲಿ ಎಂಟು ಪಂದ್ಯ ಮುಗಿಸಬೇಕು, ರೆಫರಿಗಳು ಸಿಗುವುದಿಲ್ಲ, ಹುಡುಗರನ್ನು ಕತ್ತಲಾಗುವ ಮುಂಚೆ ಬಸ್ಸು ಹತ್ತಿಸಬೇಕು ಎನ್ನುತ್ತಾರೆ ಮೇಷ್ಟ್ರುಗಳು. ಅವರ ಕಷ್ಟ ಸುಳ್ಳಲ್ಲ. ಎಂಟನ್ನೂ ಸಂಜೆಗೆ ಇಡಿ ಎನ್ನುವುದಿಲ್ಲ. ಕೊನೆಯ ಎರಡು ಪಂದ್ಯಗಳನ್ನು ಶನಿವಾರ ಮಧ್ಯಾಹ್ನದ ಮೇಲೆ ಇಟ್ಟು, ಶಾಲೆಯ ಗೇಟಿನ ಮೇಲೆ ಒಂದು ಹಾಳೆ ಅಂಟಿಸಿದರೆ ಯಾರ ಗಂಟು ಹೋಗುತ್ತದೆ? ಈ ಪತ್ರಿಕೆಯನ್ನೂ ನಾನು ಬಿಡುವುದಿಲ್ಲ. ಸಿನಿಮಾ ನಟನ ಗೃಹಪ್ರವೇಶಕ್ಕೆ ಕಾಲುಪುಟ ಒದಗಿಸುವವರು ವಲಯದ ಫೈನಲ್ಲಿಗೆ ಮೂರು ಸಾಲು, ಗೋಲು ಹೊಡೆದ ಹುಡುಗರ ಹೆಸರಿನ ಸಹಿತ, ಒದಗಿಸಲಾರರೆ? ಆ ಮೂರು ಸಾಲನ್ನು ಕತ್ತರಿಸಿ ಪರ್ಸಿನಲ್ಲಿ ಇಟ್ಟುಕೊಳ್ಳುವ ತಾಯಂದಿರನ್ನು ನಾನು ಬಲ್ಲೆ.

ಬರುವ ಮಂಗಳವಾರವೂ ಒಂದು ಪಂದ್ಯವಿದೆಯಂತೆ, ಹನ್ನೊಂದು ಗಂಟೆಗೆ. ಅಂದು ಚೆಂಡನ್ನು ಬಿಟ್ಟುಕೊಟ್ಟ ಹುಡುಗ ಈಗ ಹತ್ತನೆಯ ತರಗತಿ. ಡಿಸೆಂಬರಿನ ಮೇಲೆ ಮನೆಯವರು ಅವನನ್ನು ಮೈದಾನಕ್ಕೆ ಕಳಿಸುವುದಿಲ್ಲವೆಂದು ಮೇಷ್ಟ್ರು ಹೇಳಿದರು. ಆ ಹೊತ್ತಿಗೆ ನನಗೆ ಎರಡನೆಯ ಬಿ.ಎ. ತರಗತಿ ಇದೆ. ಗಂಟೆ ಬದಲಾಯಿಸಿಕೊಳ್ಳುವಂತೆ ಸಹೋದ್ಯೋಗಿಯೊಬ್ಬರನ್ನು ಕೇಳಿದ್ದೇನೆ. ಫುಟ್‌ಬಾಲು ದಂಡಿನವರ ಆಟ ಎಂದವರು ಅವರೇ. ಇನ್ನೂ ಒಪ್ಪಿಲ್ಲ, ಆದರೆ ನಿನ್ನೆ ಸಂಜೆ ಸೈಕಲ್ ಸ್ಟ್ಯಾಂಡಿನ ಹತ್ತಿರ ನನ್ನನ್ನು ನಿಲ್ಲಿಸಿ, ಮೈದಾನದಲ್ಲಿ ನೆರಳು ಇದೆಯೇ ಎಂದು ಕೇಳಿದರು.