ಕೇಳದೆ ಬಂದ ಬುದ್ಧಿವಾದ

ಮನೆ ಕಟ್ಟಲು ತೊಡಗಿದಾಗ, ಮಗಳಿಗೆ ವರ ನೋಡಲು ತೊಡಗಿದಾಗ, ಗಾಜಿನ ತೊಟ್ಟಿಯಲ್ಲಿ ಮೀನು ಸಾಕಲು ತೊಡಗಿದಾಗ ಗೃಹಸ್ಥನಾದವನಿಗೆ ಬುದ್ಧಿವಾದದ ಅಭಾವ ಎಂದೂ ಒದಗುವುದಿಲ್ಲ. ಮೊದಲಿನ ಎರಡರಲ್ಲಿ ಹೇಳುವವರಿಗೆ ಅಷ್ಟಿಷ್ಟು ಅನುಭವವಾದರೂ ಇದ್ದೀತು. ಮೂರನೆಯದರಲ್ಲಿ ಅದರ ಅಗತ್ಯವೂ ಇಲ್ಲ. ಮೀನು ಮೂಕಪ್ರಾಣಿ, ಹೇಳಿದ್ದು ತಪ್ಪೆಂದು ಎದುರಾಡುವುದಿಲ್ಲ. ಸತ್ತು ತೇಲುವುದೊಂದೇ ಅದು ಕೊಡಬಲ್ಲ ಉತ್ತರ.

ಬೀದರ್ ನಗರ ಕಡಲಿನಿಂದ ಬಹುದೂರ. ಆದರೂ ರಾಜ್ಯದ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರಸ್ಥಾನ ಇರುವುದು ಇಲ್ಲಿಯೇ. ಅದರ ಮೀನುಗಾರಿಕಾ ಕಾಲೇಜು ಮಾತ್ರ 1969ರಿಂದ ಮಂಗಳೂರಿನಲ್ಲಿದೆ. ಮೀನಿನ ಶಾಸ್ತ್ರದ ಹೆಸರು ಊರ ಬಾಗಿಲಲ್ಲೇ ಇದ್ದರೂ ಗೃಹಸ್ಥನು ಮೊರೆಹೋಗುವುದು ಬಂಧುಗಳನ್ನು. ಅವನು ಮೊರೆಹೋಗುವ ಮುನ್ನವೇ ಬಂಧುಗಳು ಬಂದಿರುತ್ತಾರೆ.

ಬೀದರಿನ ಒಂದು ಮನೆಯನ್ನು ಓದುಗರು ಕಲ್ಪಿಸಿಕೊಳ್ಳಬಹುದು. ಹತ್ತು ವರ್ಷದ ಮಗಳ ಹಟಕ್ಕೆ ಮಣಿದು ತಂದೆ ಒಂದು ತೊಟ್ಟಿಯನ್ನೂ ಆರು ಹೊನ್ನಿನ ಬಣ್ಣದ ಗೋಲ್ಡ್‌ಫಿಷ್‌ಗಳನ್ನೂ ತಂದನು. ಐದನೆಯ ದಿನಕ್ಕೆ ಎರಡು ಸತ್ತವು. ಅಂದು ಭಾನುವಾರ. ಭಾಲ್ಕಿಯಿಂದ ಹುಡುಗಿಯ ಸೋದರಮಾವ ಬಂದಿದ್ದನು. ಔರಾದಿನಿಂದ ದೊಡ್ಡಪ್ಪನ ಸವಾರಿಯೂ ಬಂದಿತ್ತು.

ತೊಟ್ಟಿಯ ಮುಂದೆ ಒಂದು ಗಳಿಗೆ ನಿಂತ ಮಾವ, “ಅಕ್ಕಾ, ಈ ನೀರ ಪೂರಾ ಚೆಲ್ಲಿಬಿಡು. ಕಲ್ಲು, ಗಾಜು ಎಲ್ಲಾ ತಿಕ್ಕಿ ತೊಳಿ. ಹೊಲಸ ನೀರಾಗ ಮೀನ ಹ್ಯಾಂಗ ಉಳೀತಾವ?” ಎಂದನು. ದೊಡ್ಡಪ್ಪನವರಿಗೆ ಇದು ಸರಿಬೀಳಲಿಲ್ಲ. “ನಮ್ಮ ಅಂಗಳದ ತೊಟ್ಟ್ಯಾಗ ಎರಡು ವರ್ಷದಿಂದ ಮೀನ ಅದಾವ. ಒಂದಿನಾನೂ ನೀರ ಬದಲಾ ಮಾಡಿಲ್ಲ. ಕೈ ಹಚ್ಚಬ್ಯಾಡ್ರಿ” ಎಂದರು. ಸಂಜೆಯವರೆಗೆ ವಾದ ನಡೆಯಿತು. ಮಾವನು ತರುಣ, ತೋಳಿನಲ್ಲಿ ಬಲವಿದ್ದವನು. ಅವನ ಮತವೇ ಗೆದ್ದಿತು. ತೊಟ್ಟಿ ಬರಿದಾಯಿತು, ಹರಳುಗಳು ಥಳಥಳಿಸಿದವು, ನಲ್ಲಿಯ ಹೊಸ ನೀರು ತುಂಬಿತು. ಬುಧವಾರಕ್ಕೆ ಉಳಿದ ನಾಲ್ಕೂ ಮೀನುಗಳು ಸತ್ತವು.

ನಡೆದುದೇನೆಂಬುದು ತಿಳಿಯದ ರಹಸ್ಯವಲ್ಲ. ಮೀನಿನ ಕಿವಿರುಗಳಿಂದಲೂ, ತಿನ್ನದೆ ಉಳಿದ ಆಹಾರ ಕೊಳೆಯುವುದರಿಂದಲೂ ನೀರಿಗೆ ಅಮೋನಿಯ ಸೇರುತ್ತದೆ. ಅದು ಮೀನಿಗೆ ವಿಷ. ಕಣ್ಣಿಗೆ ಕಾಣದ ಒಂದು ಬಗೆಯ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ಅದೂ ವಿಷವೇ. ಇನ್ನೊಂದು ಬಗೆಯವು ನೈಟ್ರೈಟನ್ನು ಅಷ್ಟೊಂದು ಅಪಾಯವಿಲ್ಲದ ನೈಟ್ರೇಟ್ ಆಗಿ ಮಾಡುತ್ತವೆ. ಹೊಸ ತೊಟ್ಟಿಯಲ್ಲಿ ಇವು ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಇವು ಹೆಚ್ಚಾಗಿ ಮನೆಮಾಡಿಕೊಳ್ಳುವುದು ತಳದ ಹರಳುಗಳ ಮೇಲೆ ಮತ್ತು ನೀರು ಸೋಸುವ ಸ್ಪಂಜಿನಲ್ಲಿ. ಮಾವನು ತಿಕ್ಕಿ ತೊಳೆದುದು, ಆಗತಾನೆ ನೆಲೆಯೂರುತ್ತಿದ್ದ ಈ ಉಪಕಾರಿಗಳನ್ನು. ಅದರ ಮೇಲೆ ನಲ್ಲಿಯ ನೀರಿನ ಕ್ಲೋರಿನ್ ಬೇರೆ ಮೀನಿನ ಕಿವಿರುಗಳಿಗೆ ತಗುಲಿತು. ತೊಟ್ಟಿಯ ಕಾಲು ಭಾಗದಷ್ಟು ನೀರನ್ನು ಮಾತ್ರ ತೆಗೆದು, ಕ್ಲೋರಿನ್ ಕಳೆದ ನೀರನ್ನು ತುಂಬಿ, ಎರಡು ಮೂರು ನಿಮಿಷದಲ್ಲಿ ತಿಂದು ಮುಗಿಯುವಷ್ಟೇ ಆಹಾರ ಹಾಕುತ್ತ ಬಂದಿದ್ದರೆ ಒಂದೆರಡಾದರೂ ಉಳಿಯಬಹುದಾಗಿತ್ತು.

ಹಾಗಾದರೆ ದೊಡ್ಡಪ್ಪನವರ ಮಾತು ಸರಿಯಿತ್ತೆ? ಔರಾದಿನಲ್ಲಿ ಸರಿಯಿತ್ತು. ಅಲ್ಲಿಯದು ಕಪ್ಪುಮಣ್ಣಿನ ನೆಲ, ಅದರಡಿ ಬಸಾಲ್ಟ್ ಶಿಲೆ. ಅಂಥ ನೆಲದ ಕೊಳವೆಬಾವಿಯ ನೀರು ಸಾಮಾನ್ಯವಾಗಿ ಗಡಸು. ಅದರಲ್ಲಿ ಸುಣ್ಣದ ಅಂಶವುಂಟು. ಅವರ ಮೀನುಗಳೋ ಗಪ್ಪಿಗಳು. ಸೊಳ್ಳೆಯ ಮರಿಗಳನ್ನು ತಿನ್ನಲೆಂದು ಆರೋಗ್ಯ ಇಲಾಖೆಯವರು ಬಾವಿ ತೊಟ್ಟಿಗಳಿಗೆ ಬಿಡುವ ಈ ಪುಟ್ಟ ಮೀನುಗಳಿಗೆ ಗಡಸು ನೀರು ಒಗ್ಗುತ್ತದೆ. ಎರಡು ವರ್ಷ ಹಳೆಯದಾದ ಸಿಮೆಂಟಿನ ತೊಟ್ಟಿಯ ಗೋಡೆಗೆ ಪಾಚಿಯೂ ಬ್ಯಾಕ್ಟೀರಿಯವೂ ಹತ್ತಿಕೊಂಡಿವೆ. ಬೀದರ್ ನಗರ ನಿಂತಿರುವುದು ಜಂಬಿಟ್ಟಿಗೆಯ ಕೆಂಪು ಪ್ರಸ್ಥಭೂಮಿಯ ಮೇಲೆ. ಆ ನೆಲದ ಬಾವಿಯ ನೀರು ಸಾಮಾನ್ಯವಾಗಿ ಮೆದು. ಮೆದು ನೀರನ್ನು ಬದಲಿಸದೆ ಬಿಟ್ಟರೆ, ಬ್ಯಾಕ್ಟೀರಿಯಗಳ ಕೆಲಸದಿಂದಲೇ ಅದು ದಿನೇ ದಿನೇ ಹುಳಿಯಾಗುತ್ತ ಹೋಗುತ್ತದೆ. ಅದನ್ನು ತಡೆಯುವಷ್ಟು ಸುಣ್ಣ ಅದರಲ್ಲಿ ಇರುವುದಿಲ್ಲ. ಒಂದೇ ಜಿಲ್ಲೆಯ ಎರಡು ಊರುಗಳ ನಡುವೆ, ಔರಾದಿನ ಸತ್ಯ ಬೀದರಿಗೆ ಬರುವಷ್ಟರಲ್ಲಿ ಅಸತ್ಯವಾಗಬಲ್ಲುದು.

ಇದನ್ನು ಆ ನಗರದ ಪೂರ್ವಿಕರು ಬಲ್ಲವರಾಗಿದ್ದರು. ಬೀದರಿನ ಪಕ್ಕದ ನೌಬಾದಿನಲ್ಲಿ ನೆಲದಡಿಯ ಕಾಲುವೆಯೊಂದಿದೆ. ಕರೇಜ್ ಎಂದೂ ಸುರಂಗಬಾವಿಯೆಂದೂ ಜನ ಅದನ್ನು ಕರೆಯುತ್ತಾರೆ. ಅದು 15ನೆಯ ಶತಮಾನದ ಬಹಮನಿ ಅರಸರ ಕಾಲದ್ದು. ವಿದ್ಯೆ ಪರ್ಷಿಯಾದಿಂದ ಬಂದುದು. ಆದರೆ ಅದನ್ನು ಇಲ್ಲಿ ಅಗೆದವರು, ಪರ್ಷಿಯಾದಲ್ಲಿ ಹೀಗಿತ್ತೆಂದು ಕಂಡಕಂಡಲ್ಲಿ ಅಗೆಯಲಿಲ್ಲ. ಸಚ್ಛಿದ್ರವಾದ ಜಂಬಿಟ್ಟಿಗೆಯಲ್ಲಿ ಇಂಗಿದ ಮಳೆನೀರು ಕೆಳಗಿನ ಗಟ್ಟಿ ಬಸಾಲ್ಟನ್ನು ಮುಟ್ಟಿ ಎಲ್ಲಿ ತಡೆದು ಹರಿಯುವುದೋ, ಆ ಜಾಡನ್ನು ಅರಸಿ ಅಲ್ಲಿ ಸುರಂಗ ನಡೆಸಿದರು. ಹೊರಗಿನಿಂದ ಬಂದ ಬುದ್ಧಿಯನ್ನು ಇಲ್ಲಿಯ ನೆಲದೊಡನೆ ವಿಚಾರಿಸಿ ಸ್ವೀಕರಿಸಿದರೆಂದು ಹೇಳಬಹುದು.

ನಮ್ಮ ಕಾವ್ಯಮೀಮಾಂಸಕರು ಉಪದೇಶವನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ವೇದದ್ದು ಪ್ರಭುಸಮ್ಮಿತ, ಒಡೆಯನ ಆಜ್ಞೆಯಂತೆ; ಪುರಾಣೇತಿಹಾಸಗಳದು ಮಿತ್ರಸಮ್ಮಿತ, ಗೆಳೆಯನ ಹಿತವಚನದಂತೆ; ಕಾವ್ಯದ್ದು ಕಾಂತಾಸಮ್ಮಿತ, ಪ್ರಿಯೆಯ ಒಲಿಸುವ ನುಡಿಯಂತೆ. ಮೀನಿನ ತೊಟ್ಟಿಯ ಮುಂದೆ ನಿಂತವರೆಲ್ಲರೂ ಅದೇಕೋ ಮೊದಲನೆಯ ಬಗೆಯನ್ನೇ ಆರಿಸಿಕೊಳ್ಳುತ್ತಾರೆ. ಅದಕ್ಕೆ ಎದುರಾಗಿ ಮನೆಯವನೂ ಅಭಿಮಾನದಿಂದ ಕಿವಿ ಮುಚ್ಚಿಕೊಳ್ಳುತ್ತಾನೆ, ಇಲ್ಲವೆ ಅಳುಕಿನಿಂದ ತಲೆಯಾಡಿಸುತ್ತಾನೆ. ಎರಡರಿಂದಲೂ ಮೀನಿಗೆ ಸುಖವಿಲ್ಲ.

ಹಾಗೆಂದು, ಕೇಳದೆ ಏನನ್ನೂ ಹೇಳಬಾರದೆಂಬ ನಿಯಮ ಇಲ್ಲಿ ಸಲ್ಲದು. ಬೇರೆ ವಿಷಯಗಳಲ್ಲಿ ಮೌನ ಸೌಜನ್ಯವೆನಿಸಬಹುದು. ನೆರೆಮನೆಯವರ ಪರದೆಯ ಬಣ್ಣ ಕೆಟ್ಟದಾಗಿದ್ದರೆ ಯಾರ ಪ್ರಾಣವೂ ಹೋಗುವುದಿಲ್ಲ. ಅಂಗೈಯಗಲದ ಬುರುಡೆಯಲ್ಲಿ ಗೋಲ್ಡ್‌ಫಿಷ್ ತಿರುಗುತ್ತಿರುವುದನ್ನು ಕಂಡ ತಿಳಿವಳಿಕಸ್ಥನು, ಮನೆಯವರ ಮನಸ್ಸು ನೊಂದೀತೆಂದು ಬಾಯಿ ಮುಚ್ಚಿ ಚಹಾ ಕುಡಿದು ಎದ್ದುಹೋದರೆ ಆ ಸೌಜನ್ಯದ ಬೆಲೆ ತೆರುವುದು ಮೀನು. ಸರಿಯಾಗಿ ಸಾಕಿದರೆ ಹತ್ತು ವರ್ಷಕ್ಕೂ ಮಿಕ್ಕಿ ಬಾಳಬಲ್ಲ ಪ್ರಾಣಿ ಅದು. ತನ್ನ ನೋವನ್ನು ಹೇಳಿಕೊಳ್ಳಲಾರದುದರ ಪರವಾಗಿ ಮಾತನಾಡುವವನು ಅಧಿಕಪ್ರಸಂಗಿಯಲ್ಲ. ಅವನು ಮಾತನಾಡಲೇಬೇಕು. ಹೇಗೆ ತೊಡಗುತ್ತಾನೆ ಎಂಬುದರಲ್ಲಿದೆ ವ್ಯತ್ಯಾಸ.

ಮಾವನಾಗಲಿ ದೊಡ್ಡಪ್ಪನಾಗಲಿ ಕೆಟ್ಟವರಲ್ಲ. ಇಬ್ಬರಿಗೂ ಮಗುವಿನ ಮೇಲೆ ಅಕ್ಕರೆಯಿತ್ತು. ಇಬ್ಬರೂ ತಾವು ಕಂಡುದನ್ನೇ ಹೇಳಿದರು. ತೊಟ್ಟಿ ಎಂದಿನದು, ನೀರು ಎಲ್ಲಿಯದು, ಆಹಾರ ಎಷ್ಟು ಹಾಕಿದಿರಿ ಎಂಬ ಮೂರು ಪ್ರಶ್ನೆಗಳನ್ನು ಮಾತ್ರ ಯಾರೂ ಕೇಳಲಿಲ್ಲ. ಕೇಳಿದ್ದರೆ ಅವರವರ ಉಪದೇಶ ಅವರವರ ಬಾಯಲ್ಲೇ ಬದಲಾಗುತ್ತಿತ್ತು. ಕೇಳಿಸಿಕೊಂಡ ತಂದೆಯಾದರೂ, “ಅಣ್ಣಾ, ನಿಮ್ಮದು ಯಾವ ನೀರು? ಯಾವ ಮೀನು?” ಎಂದು ವಿಚಾರಿಸಬಹುದಾಗಿತ್ತು. ಅದರಿಂದ ಹಿರಿಯರ ಗೌರವಕ್ಕೇನೂ ಕುಂದಾಗುತ್ತಿರಲಿಲ್ಲ.

ಬುಧವಾರ ಸಂಜೆ ಪಕ್ಕದ ಮನೆಯ ಮುದುಕಿಯೊಬ್ಬಳು ಬಂದಳು. ಮೀನಿನ ವಿಷಯ ಏನೂ ತಿಳಿಯದವಳು. ಬರಿದಾದ ತೊಟ್ಟಿಯ ಬಳಿ ಮೊಣಕಾಲಿಗೆ ಗದ್ದವಿಟ್ಟು ಕುಳಿತಿದ್ದ ಹುಡುಗಿಯ ಪಕ್ಕದಲ್ಲಿ ತಾನೂ ಕುಳಿತು, “ಏನಾಗಿತ್ತವ್ವಾ ಅವಕ್ಕ?” ಎಂದು ಕೇಳಿದಳು.

ಹುಡುಗಿ ಹೇಳಿದಳು: ಎರಡನೆಯ ದಿನದಿಂದಲೇ ಅವು ಮೇಲಕ್ಕೆ ಬಂದು ಬಾಯಿ ಬಿಡುತ್ತಿದ್ದವು, ಹಸಿವೆಯಿರಬೇಕೆಂದು ಮನೆಯಲ್ಲಿ ಎಲ್ಲರೂ ಇನ್ನಷ್ಟು ಕಾಳು ಹಾಕಿದರು, ಯಾರೂ ತಿನ್ನಲಿಲ್ಲ, ಎಲ್ಲ ತಳದಲ್ಲಿ ಕೊಳೆಯಿತು.

ತಿಳಿಯಬೇಕಾದುದೆಲ್ಲ ಆ ಮಗುವಿನ ಬಳಿ ಎರಡನೆಯ ದಿನದಿಂದಲೇ ಇತ್ತು.