ವಾಹನ ವಿಚಾರ: ಕಣ್ಣಿಗೆ ಬೀಳದ ಸವೆತ

ಪುಣೆಯಿಂದ ಧಾರವಾಡದ ಕಡೆಯ ನಮ್ಮೂರ ಜಾತ್ರೆಗೆ ಹೊರಟಿದ್ದೆವು. ಮಗನ ಸ್ಪೋರ್ಟ್ಸ್ ಮಾದರಿಯ ಕಾರಿನ ಮುಂದಿನ ಟೈರು ಹೊರಗಿನಿಂದ ಹೊಸದರಂತಿತ್ತು. ಒಳಅಂಚನ್ನು ತಡವಿದರೆ ತಂತಿ ಚುಚ್ಚಿತು!

ತಿರುವಿನಲ್ಲಿ ಹಿಡಿತ ಸಿಗಲೆಂದು ಇಂಥ ಕಾರಿನ ಚಕ್ರಗಳ ಮೇಲ್ತುದಿಯನ್ನು ತುಸು ಒಳಕ್ಕೆ ವಾಲಿಸಿರುತ್ತಾರೆ, ಇದೇ ಕ್ಯಾಂಬರ್. ಅಂದಕ್ಕೆಂದು ಮಗ ಗಿಡ್ಡ ಸ್ಪ್ರಿಂಗ್ ಹಾಕಿಸಿದ್ದ. ವಾಲು ಹೆಚ್ಚಿತು, ಟೋ, ಅಂದರೆ ಚಕ್ರಗಳು ಮುಖ ಮಾಡುವ ದಿಕ್ಕೂ ಕೆಟ್ಟಿತು. ಟೈರು ನೆಟ್ಟಗೆ ಉರುಳದೆ ರಸ್ತೆಗೆ ಉಜ್ಜುತ್ತ ಸವೆಯಿತು. ಟೈರೊಂದನ್ನೇ ಬದಲಿಸಿದರೆ ಹೊಸದಕ್ಕೂ ಅದೇ ಗತಿ.

ವಾಚಕರೇ, ನಡುಭಾಗ ಸವೆದರೆ ಗಾಳಿ ಹೆಚ್ಚು. ಎರಡೂ ಅಂಚು ಸವೆದರೆ ಗಾಳಿ ಕಡಿಮೆ. ಒಂದೇ ಅಂಚಾದರೆ ಅಲೈನ್‌ಮೆಂಟ್ ನೋಡಿಸಿರಿ. ಗೀರಿನ ಆಳ 1.6 ಮಿ.ಮೀ.ಗೆ ಇಳಿದರೆ ಟೈರಿನ ಆಯುಸ್ಸು ಮುಗಿಯಿತು. ಹೊರಡುವ ಮುನ್ನ ಸ್ಟೀರಿಂಗ್ ತಿರುಗಿಸಿ ಒಳಅಂಚನ್ನೂ ನೋಡಿರಿ.

ಹಳೆಯ ಸ್ಪ್ರಿಂಗ್, ಹೊಸ ಟೈರು ಹಾಕಿಸಿ ಅಲೈನ್‌ಮೆಂಟ್ ಮುಗಿಸುವಷ್ಟರಲ್ಲಿ ನಮಗೆ ತೇರು ತಪ್ಪಿತು. ಆದರೆ ಮನೆಮಂದಿಯೆಲ್ಲ ಕ್ಷೇಮವಾಗಿ ಊರು ಸೇರಿದೆವು.